ಆ ಅರ್ಧ ಯಾಕ, ಆ ಸ್ಕ್ವೇರ್ ಯಾಕ?

ಧಾರವಾಡದ ಸಪ್ತಾಪುರದಾಗ ಯಾವುದಾರ ಪಿಯುಸಿ ಹುಡುಗನ್ನ ನಿಲ್ಲಿಸಿ ಚಲನ ಶಕ್ತಿ ಅಂದ್ರ ಏನಪಾ ಅಂತ ಕೇಳ್ರಿ, ಅರ್ಧ ಎಂ ವಿ ಸ್ಕ್ವೇರ್ ಅಂತ ಒಂದ ಉಸಿರಿನ್ಯಾಗ ಒದರ್ತಾನ. ಎಂ ಅಂದ್ರ ಓಡೋ ವಸ್ತುವಿನ ದ್ರವ್ಯರಾಶಿ, ವಿ ಅಂದ್ರ ಅದರ ವೇಗ. ಸ್ಕ್ವೇರ್ ಯಾಕ, ಅರ್ಧ ಯಾಕ ಅಂದ್ರ ತಲಿ ಕೆರಕೋತಾನ. ತಪ್ಪ ಅವಂದಲ್ಲ ಬಿಡ್ರಿ, ಇದಕ್ಕ ಯುರೋಪಿನ ಘಟಾನುಘಟಿಗಳೇ ವರ್ಷಾನುಗಟ್ಟಲೆ ಜಗಳಾಡ್ಯಾರ.

ಓಡೋ ವಸ್ತುವಿನ ತಾಕತ್ತು ಅಂದ್ರ ಅದರ ಗಾತ್ರ ಗುಣಿಸು ವೇಗ, ಅಷ್ಟ ಅಂತ ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ ಹೇಳಿ ಹೋಗಿದ್ದ. 1686ರಾಗ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಅಡ್ಡ ಬಂದ. ಅವನ ವಾದ ನಮ್ಮ ಹಮಾಲರಿಗೂ ತಿಳೀತದ: ಒಂದು ಕೇಜಿ ಕಲ್ಲು ನಾಕು ಮೊಳ ಎತ್ತಿದ್ರೂ, ನಾಕು ಕೇಜಿ ಕಲ್ಲು ಒಂದು ಮೊಳ ಎತ್ತಿದ್ರೂ ಕೆಲಸ ಒಂದ. ಆದ್ರ ಕೆಳಗ ಬಿಟ್ರ ಮೊದಲನೇದರ ವೇಗ ಎರಡನೇದಕ್ಕಿಂತ ಬರೇ ಡಬಲ್, ನಾಕ್ ಪಟ್ಟಲ್ಲ. ಅಂದಮ್ಯಾಲೆ ಲೆಕ್ಕ ಕೂಡಬೇಕಂದ್ರ ವೇಗನ್ನ ವರ್ಗ ಮಾಡಲೇಬೇಕು. ಅದಕ್ಕ ಅಂವ ಇಟ್ಟ ಹೆಸರು 'ಜೀವಂತ ಬಲ'.

ಬಾಯಿಮಾತು ಸಾಕಾಗಲಿಲ್ಲ. 1722ರ ಸುಮಾರಿಗೆ ಡಚ್ಚರ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳಿ ಗುಂಡುಗಳನ್ನ ಮೆತ್ತನ ಜೇಡಿಮಣ್ಣಿನ ಮ್ಯಾಲೆ ಬೀಳಿಸಿ ತೆಗ್ಗು ಅಳದ. ವೇಗ ಡಬಲ್ ಆದ್ರ ತೆಗ್ಗು ನಾಕ್ ಪಟ್ಟು! ನಾನೂ ಎರಿಮಣ್ಣು ಕಲಸಿ ಟ್ರೈ ಮಾಡಿದೆ, ಗಂಟು ಗಂಟು ಉಳಕೊಂಡು ಲೆಕ್ಕ ಕೆಟ್ಟು ಹೋತು, ಅದಿರಲಿ. ಈ ಪ್ರಯೋಗನ್ನ ಹಿಡಕೊಂಡು ಫ್ರಾನ್ಸಿನ ಎಮಿಲಿ ದು ಶಾತ್ಲೇ 1740ರ ತನ್ನ ಪುಸ್ತಕದಾಗ ಲೈಬ್ನಿಟ್ಸ್ ಪರ ವಾದಿಸಿದ್ಲು, ಮುಂದ ನ್ಯೂಟನ್‌ನ ಪ್ರಿನ್ಸಿಪಿಯಾನ ಫ್ರೆಂಚಿಗೆ ತಂದಾಕಿನೂ ಆಕೀನ. ನಮ್ಮ ಕ್ಲಾಸಿನ್ಯಾಗ ಆಕಿ ಹೆಸರು ಯಾರೂ ತೆಗೀಲಿಲ್ಲ ನೋಡ್ರಿ.

ದೆಕಾರ್ತ್ ಕಡಿಯವರೂ ಪೂರ್ತಿ ಸೋಲಲಿಲ್ಲ, ಅವರ ಲೆಕ್ಕ ದಿಕ್ಕನ್ನೂ ಸೇರಿಸಿಕೊಂಡು ಈಗ ಸಂವೇಗ ಅಂತ ಬ್ಯಾರೆ ಚಾಪ್ಟರ್ ಆಗೇದ. ಎರಡೂ ಬ್ಯಾರೆ ಬ್ಯಾರೆ ವಿಷಯ ಅಂತ ತಿಳೀಲಾರದಕ್ಕ ಅಷ್ಟ ಗದ್ದಲ.

ಇನ್ನ ಅರ್ಧ. ಅದನ್ನ ಗಟ್ಟಿ ಮಾಡಿದಾಂವ ಫ್ರಾನ್ಸಿನ ವಿಜ್ಞಾನಿ ಕೊರಿಯೊಲಿಸ್, 1829ರಾಗ, ಮಷಿನ್‌ಗಳು ಎಷ್ಟು ಕೆಲಸ ಮಾಡ್ತಾವು ಅಂತ ಲೆಕ್ಕ ಹಾಕೋವಾಗ. ಕೆಲಸ ಅಂದ್ರ ಬಲ ಗುಣಿಸು ದೂರ. ನಮ್ಮ ಚಿಗರಿ ಬಸ್ಸು ಸ್ಟಾಪಿನಿಂದ ಒಂದೇ ಸಮ ಸ್ಪೀಡ್ ಏರಿಸ್ಕೋತ 40 ಮುಟ್ಟಿತು ಅನ್ರಿ, ಆ ಹೊತ್ತಿನ್ಯಾಗ ಅದು ಓಡಿದ ದೂರ 40ರ ಲೆಕ್ಕಕ್ಕ ಬರೂದಿಲ್ಲ, ಸೊನ್ನೆಯಿಂದ ಶುರುವಾಗಿದ್ದಕ್ಕ ಸರಾಸರಿ 20ರ ಲೆಕ್ಕಕ್ಕ ಬರ್ತದ. ಆ 20 ಐತಲ್ಲ, ಅದು 40ರ ಅರ್ಧ; ದೂರ ಅರ್ಧ ಆದ್ರ ಬಲ ಗುಣಿಸಿದ ಕೆಲಸಾನೂ ಅರ್ಧ, ಅದ ಹುಡುಗ ಒದರೋ ಅರ್ಧ.