ನೆಟೆ ಹೊಡೆದ ಹೊಲದಲ್ಲಿ ಹಸಿರಾಗಿ ನಿಂತ ತೊಗರಿ

ಕಲಬುರಗಿ ಕಡೆ ನೆಟೆ ರೋಗ ಅಂದರೆ ರೈತರ ಎದೆ ಝಲ್ಲೆನ್ನುತ್ತದೆ. ಹೂ, ಕಾಯಿ ಹಿಡಿಯುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು, ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಆದರೂ ಕೆಲವೊಮ್ಮೆ ಅದೇ ಸಾಲಿನಲ್ಲಿ ಒಂದೆರಡು ಗಿಡ ಹಸಿರಾಗಿ ನಿಂತಿರುತ್ತವೆ. ಅವಕ್ಕೆ ಆ ಶಕ್ತಿ ಎಲ್ಲಿಂದ ಬಂತು?

1859ರಲ್ಲಿ ನಿಸರ್ಗದ ಆಯ್ಕೆಯನ್ನು ವಿವರಿಸಿದ ಡಾರ್ವಿನ್‌ಗೂ ಇದು ಬಿಡಿಸಲಾಗದ ಗಂಟಾಗಿತ್ತು. ಆರಿಸಲು ಮೊದಲು ವ್ಯತ್ಯಾಸ ಇರಬೇಕು ಅಲ್ವಾ? ಗುಣಗಳು ಹಾಲು-ನೀರಿನಂತೆ ಬೆರೆತು ಹೋಗುವುದಿಲ್ಲ, ಬಿಡಿಬಿಡಿಯಾಗಿಯೇ ಮುಂದಿನ ಪೀಳಿಗೆಗೆ ಸಾಗುತ್ತವೆ ಎಂದು 1866ರಲ್ಲಿ ಮೆಂಡೆಲ್ ಬಟಾಣಿ ಗಿಡಗಳಿಂದ ತೋರಿಸಿದರು. 1927ರಲ್ಲಿ ಮುಲ್ಲರ್ ನೊಣಗಳಿಗೆ ಎಕ್ಸ್-ರೇ ಹಾಯಿಸಿ, ಗುಣಗಳನ್ನು ಹೊತ್ತೊಯ್ಯುವ ಜೀನ್‌ಗಳೇ ಬದಲಾಗುತ್ತವೆ ಎಂದು ಸಾಬೀತು ಮಾಡಿದರು.

ನನಗೆ ತುಂಬಾ ಹಿಡಿಸಿದ್ದು 1943ರ ಲೂರಿಯಾ ಮತ್ತು ಡೆಲ್‌ಬ್ರುಕ್ ಪ್ರಯೋಗ. ಅವರು ಬ್ಯಾಕ್ಟೀರಿಯಾಗಳನ್ನು ಬೇರೆಬೇರೆ ಕೊಳವೆಗಳಲ್ಲಿ ಬೆಳೆಸಿ, ಆಮೇಲೆ ವೈರಸ್‌ಗೆ ಒಡ್ಡಿದರು. ವೈರಸ್ ತಗುಲಿದ ಮೇಲಷ್ಟೇ ಅವು ಬದಲಾಗುವುದಾದರೆ, ಎಲ್ಲ ಕೊಳವೆಗಳಲ್ಲೂ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಬದುಕಬೇಕಿತ್ತು. ಹಾಗಾಗಲಿಲ್ಲ. ಎಷ್ಟೋ ಕೊಳವೆಗಳಲ್ಲಿ ಒಂದೂ ಉಳಿಯಲಿಲ್ಲ, ಕೆಲವದರಲ್ಲಿ ರಾಶಿ ರಾಶಿ ಉಳಿದವು. ಅಂದರೆ ಬದಲಾವಣೆ ವೈರಸ್ ಬರುವ ಮೊದಲೇ ಆಗಿತ್ತು. ಯಾವ ಕೊಳವೆಯಲ್ಲಿ ಬೇಗ ಆಗಿತ್ತೋ ಅಲ್ಲಿ ಸಂತಾನ ಜಾಸ್ತಿ.

ತೊಗರಿಯದೂ ಇದೇ ಕಥೆ. ನೆಟೆ ರೋಗ ಶಕ್ತಿಯನ್ನು ಕೊಡುವುದಿಲ್ಲ, ಇದ್ದವರನ್ನು ಉಳಿಸುತ್ತದೆ ಅಷ್ಟೇ. ಜೀನ್‌ಗಳಿರುವ ಡಿಎನ್‌ಎ ನಕಲಾಗುವಾಗ ಆಗುವ ಸಣ್ಣ ತಪ್ಪುಗಳೇ ಹೊಸತನದ ಮೂಲ. ಅವನ್ನು ಕಲಸುವುದು ಪರಾಗ ಮತ್ತು ಅಂಡದ ಕೆಲಸ. ತೊಗರಿಗೆ 11 ಜೋಡಿ ಕ್ರೋಮೋಸೋಮ್, ಅಂದರೆ ಡಿಎನ್‌ಎ ಎಳೆಗಳ ಕಟ್ಟು. ಜೋಡಿಗೊಂದರಂತೆ ಆರಿಸಿದರೂ 2,048 ಬಗೆಯ ಪರಾಗ ಸಾಧ್ಯ. ಹಳದಿ ಹೂ ಅರಳುವ ಮೊದಲೇ, ಮೊಗ್ಗಿನೊಳಗೇ ಪರಾಗ ಉದುರಿರುತ್ತದೆ. ಹಾಗಾಗಿ ಹೆಚ್ಚಿನ ಕಾಯಿ ಸ್ವಂತ ಪರಾಗದ್ದೇ. ಆದರೂ ಜೇನು ಬಂದು ಹೂವಿನ ದಳ ಒತ್ತಿತೆಂದರೆ ಪಕ್ಕದ ಹೊಲದ ಪರಾಗವೂ ಸೇರುತ್ತದೆ. ಬಿತ್ತನೆ ಬೀಜ ಮನೆಯಲ್ಲೇ ಇಟ್ಟುಕೊಂಡವರ ರಾಶಿಯಲ್ಲಿ ಕೆಂಪು ಕಾಳಿನ ನಡುವೆ ಒಂದೊಂದು ಬಿಳಿ ಕಾಳು ಕಾಣುವುದಕ್ಕೆ ಇದೂ ಒಂದು ಕಾರಣ.

1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದ ಮಾರುತಿ ತಳಿ ನೆಟೆ ತಡೆಯುವುದಕ್ಕೇ ಹೆಸರಾಯಿತು. ಅದು ಹುಟ್ಟಿದ್ದು ಮಹಾರಾಷ್ಟ್ರದ ಒಂದು ನಾಟಿ ತೊಗರಿಯಿಂದ ಆರಿಸಿಕೊಂಡು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ಶೀತಲ ಕೋಣೆಗಳಲ್ಲಿ ಈಗ 13 ಸಾವಿರಕ್ಕೂ ಜಾಸ್ತಿ ತೊಗರಿ ಮಾದರಿಗಳಿವೆ. ಅವು ಬೇಕೇ ಬೇಕು. ಯಾಕೆಂದರೆ ಮಣ್ಣಿನೊಳಗಿನ ಶಿಲೀಂಧ್ರದ ಡಿಎನ್‌ಎ ನಕಲಾಗುವಾಗಲೂ ತಪ್ಪುಗಳಾಗುತ್ತಿರುತ್ತವೆ.