ಎಷ್ಟು ಕೊಟ್ರೆ ಒಂದು ಕುಟುಂಬ ಎದ್ದು ನಿಲ್ಲುತ್ತೆ?

ಮನೇಲಿ ದೊಡ್ಡ ಕಾಯಿಲೆನೋ ನೆರೆನೋ ಬಂದಾಗ ಒಂದು ಬಡ ಕುಟುಂಬ ಏನೇನು ಕಳ್ಕೊಳ್ಳುತ್ತೆ ಅಂತ ನೋಡಿ. ಮೊದಲು ಕಿವಿಯೋಲೆ ಅಡ ಹೋಗುತ್ತೆ, ಆಮೇಲೆ ಕೈಸಾಲ, ಅದೂ ಸಾಲದೇ ಹೋದ್ರೆ ಹಾಲು ಕೊಡೋ ಹಸುನೇ ಸಂತೆಗೆ ಹೋಗುತ್ತೆ. ಆಸ್ಪತ್ರೆ ಬಿಲ್ ಕಟ್ಟಿದ್ದಾಯ್ತು, ರೋಗಿ ಹುಷಾರಾಗಿ ಮನೆಗೆ ಬಂದಿದ್ದೂ ಆಯ್ತು, ಆದ್ರೆ ಹಾಲಿನ ದುಡ್ಡು ನಿಂತೋಯ್ತಲ್ಲ, ಇನ್ನು ಕೂಲಿ ಸಿಕ್ಕ ದಿನ ಊಟ, ಸಿಗದ ದಿನ ಮತ್ತೆ ಸಾಲ. ಹಸು ಮಾರಿದ್ದಕ್ಕೆ ಆದಾಯ ಇಲ್ಲ, ಆದಾಯ ಇಲ್ಲದ್ದಕ್ಕೆ ಇನ್ನೊಂದು ಹಸು ಕೊಳ್ಳೋಕಾಗಲ್ಲ. ಅರ್ಥಶಾಸ್ತ್ರದವರು ಇದನ್ನ ಬಡತನದ ಬಲೆ ಅಂತಾರೆ.

ಈ ಬಲೆ ನಿಜವಾಗ್ಲೂ ಇದೆಯಾ, ಅಥವಾ ಕಷ್ಟಪಟ್ಟು ದುಡಿದ್ರೆ ನಿಧಾನಕ್ಕಾದ್ರೂ ಎಲ್ಲರೂ ಮೇಲೆ ಬರ್ತಾರಾ ಅನ್ನೋದು ಹಳೇ ಜಗಳ. ಇದಕ್ಕೆ ಒಳ್ಳೇ ಸಾಕ್ಷಿ ಸಿಕ್ಕಿದ್ದು ಬಾಂಗ್ಲಾದೇಶದ ಹಳ್ಳಿಗಳಲ್ಲಿ. ಅಲ್ಲಿ ಬ್ರಾಕ್ ಅಂತ ಒಂದು ಸಂಸ್ಥೆ ಇದೆ, 1970ರ ಭೋಲಾ ಚಂಡಮಾರುತ, 1971ರ ಯುದ್ಧ ಎರಡನ್ನೂ ಕಣ್ಣಾರೆ ಕಂಡ ಫಜ್ಲೆ ಹಸನ್ ಆಬೆದ್ ಅವರು ಲಂಡನ್ನಲ್ಲಿದ್ದ ತಮ್ಮ ಫ್ಲಾಟ್ ಮಾರಿ ಆ ದುಡ್ಡಲ್ಲಿ 1972ರಲ್ಲಿ ಶುರು ಮಾಡಿದ್ದು. ಕಡುಬಡವರಿಗೆ ಸಾಲ ಕೊಟ್ರೂ ಉಪಯೋಗಕ್ಕೆ ಬರ್ತಿಲ್ಲ, ಅವರು ಸಾಲದ ಹತ್ರಾನೇ ಬರಲ್ಲ ಅಂತ ಗೊತ್ತಾದ್ಮೇಲೆ ಬ್ರಾಕ್ 2002ರಲ್ಲಿ ಬೇರೆ ದಾರಿ ಹಿಡೀತು. ಹಳ್ಳಿಯ ಅತಿ ಬಡ ಹೆಂಗಸರಿಗೆ ಹಸುವನ್ನೋ ಮೇಕೆಯನ್ನೋ ಪುಕ್ಕಟೆ ಕೊಡೋದು, ಅದು ಹಾಲು ಕೊಡೋವರೆಗೂ ಮಾರ್ಕೊಳ್ದೇ ಇರ್ಲಿ ಅಂತ ಕೆಲವು ತಿಂಗಳು ಮನೆ ಖರ್ಚಿಗೆ ಸ್ವಲ್ಪ ಕಾಸು, ಸಾಕೋದು ಹೇಗೆ ಅಂತ ತರಬೇತಿ, ಆಗಾಗ ಮನೆಗೇ ಬಂದು ವಿಚಾರಿಸೋ ಕಾರ್ಯಕರ್ತರು. ಈ ಮನೆ ಖರ್ಚಿನ ಕಾಸು ನೋಡೋಕೆ ಸಣ್ಣದು, ಆದ್ರೆ ನನಗೆ ಇಡೀ ಯೋಜನೇಲಿ ತುಂಬಾ ಹಿಡಿಸಿದ್ದು ಅದೇ, ಹಸಿದ ಮನೇಲಿ ಹಸು ಉಳಿಯಲ್ಲ ಅನ್ನೋದು ಗೊತ್ತಿದ್ದೋರಿಗೆ ಮಾತ್ರ ಇದು ಹೊಳೆಯುತ್ತೆ.

2007ರಿಂದ 11 ವರ್ಷ ಸಂಶೋಧಕರು ಈ ಕುಟುಂಬಗಳ ಹಿಂದೆ ಬಿದ್ದು ಲೆಕ್ಕ ಇಟ್ರು. ಎಲ್ಲರಿಗೂ ಸಿಕ್ಕಿದ್ದು ಹೆಚ್ಚುಕಮ್ಮಿ ಒಂದೇ ಬೆಲೆಯ ಜಾನುವಾರು, ಆದ್ರೆ ಫಲಿತಾಂಶ ಎರಡು ಥರ. ಮೊದಲೇ ಅಲ್ಪಸ್ವಲ್ಪ ಆಸ್ತಿ ಇದ್ದೋರು ಹಸು ಬಂದ್ಮೇಲೆ ಒಂದು ಮಿತಿ ದಾಟಿದ್ರು, ಅಲ್ಲಿಂದ ತಾವಾಗೇ ಮೇಲೆ ಮೇಲೆ ಹೋದ್ರು. ಏನೂ ಇಲ್ಲದೋರಿಗೆ ಹಸು ಸಿಕ್ರೂ ಆ ಮಿತಿ ಮುಟ್ಟೋಕಾಗಲಿಲ್ಲ, ಕೆಲವೇ ವರ್ಷದಲ್ಲಿ ಕೈಗೆ ಬಂದಿದ್ದೂ ಕರಗಿ ಮತ್ತೆ ಕೆಳಗೆ ಜಾರಿದ್ರು. ಯಾಕೆ ಅಂದ್ರೆ ಒಂಟಿ ಹಸುವಿಂದ ಕಸುಬು ಆಗಲ್ಲ, ಕೊಟ್ಟಿಗೆ ಬೇಕು, ಮೇವು ತರೋಕೆ ಹಾಲು ಸಾಗಿಸೋಕೆ ಗಾಡಿ ಬೇಕು, ಹಸು ಕಾಯಿಲೆ ಬಿದ್ರೆ ಔಷಧಿಗೆ ಕೈಯಲ್ಲಿ ಕಾಸಿರಬೇಕು. ಮೇಲೆ ಹೋದೋರಿಗೂ ಕೆಳಗೆ ಜಾರಿದೋರಿಗೂ ಬುದ್ಧೀಲಿ, ದುಡಿಯೋ ಮನಸ್ಸಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ, ಇದ್ದಿದ್ದು ಶುರುವಲ್ಲಿ ಕೈಯಲ್ಲಿದ್ದ ಬಂಡವಾಳದ ವ್ಯತ್ಯಾಸ.

ಇದು ದಾನ ಮಾಡೋ ನಮಗೆ ನೇರವಾಗಿ ತಟ್ಟೋ ವಿಷಯ. ನಾವು ಸಾಮಾನ್ಯವಾಗಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚೋಕೆ ನೋಡ್ತೀವಿ, ಅದು ನ್ಯಾಯ ಅಂತಾನೂ ಅನ್ಸುತ್ತೆ, ಆದ್ರೆ ಮಿತಿ ದಾಟಿಸದ ಸಹಾಯ ಸ್ವಲ್ಪ ಕಾಲಕ್ಕೆ ಕರಗಿ ಹೋಗುತ್ತೆ. 2018ರ ಆಗಸ್ಟ್‌ನಲ್ಲಿ ಕೊಡಗಲ್ಲಿ ಗುಡ್ಡ ಕುಸಿದಾಗ ರಾಜ್ಯದ ಮೂಲೆಮೂಲೆಯಿಂದ ಲಾರಿಗಟ್ಟಲೆ ಅಕ್ಕಿ, ಬಟ್ಟೆ, ಹೊದಿಕೆ ಹೋಯ್ತು, ಜನರ ಆ ಮನಸ್ಸು ದೊಡ್ಡದು, ಮೊದಲ ವಾರಕ್ಕೆ ಅದು ಬೇಕೇ ಬೇಕು. ಆದ್ರೆ ಒಡವೆ, ದನ, ಜಮೀನು ಮಾರಾಟಕ್ಕೆ ಬರೋದು ಯಾವಾಗ ಅಂದ್ರೆ ಪರಿಹಾರ ಕೇಂದ್ರ ಮುಚ್ಚಿ, ಟಿವಿ ಕ್ಯಾಮೆರಾ ಹೊರಟೋದ್ಮೇಲೆ. ಆ ಹೊತ್ತಲ್ಲಿ ಯಾರಾದ್ರೂ ಜೊತೆ ನಿಂತ್ರೆ ಹಸು ಮನೇಲೇ ಉಳಿಯುತ್ತೆ.

ಇನ್ನು ಅಕ್ಕಪಕ್ಕದವರ ಕಥೆ. ಒಬ್ಬರಿಗೆ ಕೊಟ್ರೆ ಊರಲ್ಲಿ ಬೆಲೆ ಏರುತ್ತೆ, ಸಿಗದೋರಿಗೆ ನಷ್ಟ ಅಂತ ಒಂದು ಭಯ ಇತ್ತು. ಕೀನ್ಯಾದ ಸಿಯಾಯಾ ಜಿಲ್ಲೆಯ 653 ಹಳ್ಳಿಗಳಲ್ಲಿ ಇದನ್ನೂ ಪರೀಕ್ಷೆ ಮಾಡಿದ್ರು. ಗಿವ್‌ಡೈರೆಕ್ಟ್ಲಿ ಅನ್ನೋ ಸಂಸ್ಥೆ ಹುಲ್ಲಿನ ಮಾಡಿನ ಮನೆ ಇರೋ 10,500ಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಮೊಬೈಲ್ ಹಣದ ಮೂಲಕ ಕಳಿಸ್ತು, ಹೀಗೇ ಖರ್ಚು ಮಾಡಿ ಅಂತ ಯಾವ ಷರತ್ತೂ ಇಲ್ಲ. ಅವರು ಆ ದುಡ್ಡನ್ನ ಅಲ್ಲೇ ಪಕ್ಕದ ಅಂಗಡಿ, ಮರಗೆಲಸದವನು, ಹಿಟ್ಟಿನ ಗಿರಣಿ, ಸಂತೆ ಅಂತ ಖರ್ಚು ಮಾಡಿದ್ರು, ಅಂಗಡಿಯವನು ತನ್ನ ಕೆಲಸದವನಿಗೆ ಕೊಟ್ಟ, ಅವನು ಇನ್ನೊಂದು ಕಡೆ ಕೊಟ್ಟ. ಹೀಗೆ ಸುತ್ತಿ ಸುತ್ತಿ ಒಂದು ಡಾಲರ್ ದಾನಕ್ಕೆ ಆ ಭಾಗದ ಒಟ್ಟು ವ್ಯವಹಾರ ಸುಮಾರು ಎರಡೂವರೆ ಡಾಲರ್‌ನಷ್ಟು ಬೆಳೀತು, ಬೆಲೆ ಏರಿದ್ದು ಬರೀ 0.1 ಪರ್ಸೆಂಟ್ ಆಸುಪಾಸು, ಒಂದು ಪೈಸೆ ಸಿಗದ ಮನೆಗಳಲ್ಲೂ ಖರ್ಚು ಮಾಡೋ ಶಕ್ತಿ ಜಾಸ್ತಿ ಆಗಿತ್ತು. ದೂರದಿಂದ ಲಾರೀಲಿ ತಂದು ಸುರಿದ ಸಾಮಾನಿಗೆ ಈ ಸುತ್ತಾಟ ಇರಲ್ಲ, ಅದು ಊರಿನ ಅಂಗಡಿಯವನ ವ್ಯಾಪಾರ ಕಿತ್ಕೊಂಡ್ರೂ ಕಿತ್ಕೊಳ್ಳಬಹುದು, ಪಾಪ ಅವನ ಅಂಗಡಿನೂ ಅದೇ ನೆರೇಲಿ ನೆಂದಿರುತ್ತೆ.

ಹಾಗಂತ ಎಲ್ಲಾ ಕಡೆ ಗೆಲುವೇ ಸಿಕ್ತು ಅಂತೇನಿಲ್ಲ. ಬ್ರಾಕ್ ಮಾದರಿಯನ್ನ ಆರು ದೇಶಗಳಲ್ಲಿ ಪ್ರಯೋಗ ಮಾಡಿ 2015ರಲ್ಲಿ ವರದಿ ಪ್ರಕಟಿಸಿದ್ರು, ಹೊಂಡುರಾಸ್‌ನಲ್ಲಿ ತುಂಬಾ ಜನಕ್ಕೆ ಕೋಳಿ ಕೊಟ್ಟಿದ್ರು, ರೋಗ ಬಂದು ಕೋಳಿ ಸತ್ತವು, ಅಲ್ಲಿ ಲಾಭ ನಿಲ್ಲಲೇ ಇಲ್ಲ. ನಮ್ಮ ದೇಶದ ಪ್ರಯೋಗ ನಡೆದಿದ್ದು ಪಶ್ಚಿಮ ಬಂಗಾಳದ ಮುರ್ಶಿದಾಬಾದಲ್ಲಿ, ಬಂಧನ್ ಸಂಸ್ಥೆ ಮೂಲಕ. ಅಲ್ಲಿಗೆ ಹತ್ತು ವರ್ಷ ಆದ್ಮೇಲೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತವರ ಜೊತೆಗಾರರು ಮತ್ತೆ ಹೋಗಿ ನೋಡಿದ್ರೆ ಸಹಾಯ ಸಿಕ್ಕ ಮನೆಗಳು ಸಿಗದ ಮನೆಗಳಿಗಿಂತ ಆಗ್ಲೂ ಮುಂದಿದ್ವು, ಊಟದಲ್ಲೂ ಆದಾಯದಲ್ಲೂ. ಆ ಆದಾಯ ಬರೀ ಜಾನುವಾರಿಂದ ಬಂದಿದ್ದಲ್ಲ, ಮನೆಯವರು ಯಾರಾದ್ರೂ ಒಳ್ಳೇ ಸಂಬಳ ಸಿಗೋ ಕಡೆ ವಲಸೆ ಹೋಗಿ ದುಡಿಯೋಕೆ ಶುರು ಮಾಡಿದ್ರು, ಬಸ್ ಚಾರ್ಜಿಗೂ ಗತಿಯಿಲ್ಲದ ಮನೆಯಿಂದ ಯಾರೂ ಅಷ್ಟು ದೂರ ಹೋಗೋ ಧೈರ್ಯ ಮಾಡಲ್ಲ.