ಟ್ರಿಪ್ ಕ್ಯಾನ್ಸಲ್ ಆಯ್ತು, ನಾನು ಕಟ್ಟಿದ ಅಡ್ವಾನ್ಸ್ ಯಾರು ಕೊಡ್ಬೇಕು?

ಪ್ರಶ್ನೆ: ನಾವು ಆರು ಜನ ಕಾಲೇಜ್ ಫ್ರೆಂಡ್ಸ್, ಸಕಲೇಶಪುರದ ಹತ್ರ ಒಂದು ಹೋಮ್‌ಸ್ಟೇಲಿ ಎರಡು ರಾತ್ರಿ ಅಂತ ಪ್ಲಾನ್ ಮಾಡಿದ್ವಿ. ತಲೆಗೆ ದಿನಕ್ಕೆ 2,000, ಅರ್ಧ ಅಡ್ವಾನ್ಸ್ ಅಂತ 12,000 ನಾನೇ ಕಳ್ಸಿದೆ, ಟೆಂಪೋ ಟ್ರಾವೆಲರ್‌ಗೆ 5,000 ಕೂಡ ನಾನೇ. ಹೊರಡೋಕೆ ನಾಲ್ಕು ದಿನ ಇದೆ ಅನ್ನುವಾಗ ಒಬ್ಬ ಆಫೀಸಲ್ಲಿ ರಜೆ ಸಿಗ್ಲಿಲ್ಲ ಅಂದ, ಅವನಿಲ್ದೆ ಏನು ಮಜಾ ಅಂತ ಎಲ್ರೂ ಸೇರಿ ಕ್ಯಾನ್ಸಲ್ ಮಾಡಿದ್ವಿ. ಟೆಂಪೋ ಟ್ರಾವೆಲರ್ (ಟಿಟಿ) ಅವರು 2,000 ವಾಪಸ್ ಕೊಟ್ರು. ಹೋಮ್‌ಸ್ಟೇ ಓನರ್ ದುಡ್ಡು ಕೊಡಲ್ಲ, ಆರು ತಿಂಗಳೊಳಗೆ ಬನ್ನಿ ಅಡ್ಜಸ್ಟ್ ಮಾಡ್ತೀನಿ ಅಂತಾರೆ. ಈಗ ಅವನು "ನಾನು ಬರೋದೇ ಇರ್ಲಿಲ್ವಲ್ಲ, ನಾನ್ಯಾಕೆ ಕೊಡ್ಲಿ" ಅಂತಾನೆ, ಇನ್ನಿಬ್ರು "ಹಾಳಾಗಿದ್ದೇ ಅವನಿಂದ, ಪೂರ್ತಿ ಅವನ ಹತ್ರಾನೇ ಇಸ್ಕೋ" ಅಂತಾರೆ. ಮಧ್ಯದಲ್ಲಿ ನನ್ನ ದುಡ್ಡು ಸಿಕ್ಕಾಕೊಂಡಿದೆ, ಕೇಳೋಕೂ ಸಂಕೋಚ. ಏನ್ಮಾಡ್ಲಿ?

ಉತ್ತರ: ಮೊದ್ಲು ಲೆಕ್ಕ ಹೇಳ್ಬಿಡ್ತೀನಿ. ನಿಮ್ಮ ಕೈಯಿಂದ ಹೋಗಿದ್ದು 17,000, ವಾಪಸ್ ಬಂದಿದ್ದು 2,000, ಉಳಿದ 15,000ನ ಆರು ಜನ ಸಮ ಹಂಚ್ಕೋಬೇಕು, ತಲೆಗೆ 2,500. ನಿಮ್ಮ ಪಾಲು 2,500 ನಿಮ್ಮದು, ಬಾಕಿ ಐದು ಜನರಿಂದ 12,500 ಬರ್ಬೇಕು, ರಜೆ ಸಿಗದೇ ಇದ್ದವನೂ ಸೇರಿ.

ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗೆ ಎಳೀತಿದಾರಲ್ಲ, ಆ ಎರಡು ಕಡೆಯವರೂ ತಪ್ಪು. ನಾನು ಬರೋದೇ ಇರ್ಲಿಲ್ಲ ಅನ್ನೋ ಮಾತು ಬುಕ್ ಮಾಡೋಕೆ ಮುಂಚೆ ಹೇಳಿದ್ರೆ ನಡೀತಿತ್ತು. ಅವನನ್ನೂ ಸೇರಿಸಿ ಆರು ತಲೆ ಎಣಿಸಿನೇ ನೀವು ಅಡ್ವಾನ್ಸ್ ಕಟ್ಟಿದ್ದು, ಆವಾಗ ಅವನು ಗ್ರೂಪಲ್ಲಿ ಹೂಂ ಅಂದಿದಾನೆ, ಆ ಹೂಂ ನಂಬಿ ದುಡ್ಡು ಹೋಗಿದೆ. ಹಾಗಂತ ಪೂರ್ತಿ 15,000 ಅವನ ತಲೆಗೆ ಕಟ್ಟೋದೂ ಅನ್ಯಾಯ, ಯಾಕಂದ್ರೆ ಅವನು ಬರಲ್ಲ ಅಂದ ಅಷ್ಟೇ, ಟ್ರಿಪ್ ಬೇಡ ಅಂತ ತೀರ್ಮಾನ ಮಾಡಿದ್ದು ಉಳಿದ ಐದು ಜನ. ಐದು ಜನ ಹೋಗ್ಬಹುದಿತ್ತು, ರೂಮ್ ಇತ್ತು, ಗಾಡಿ ಇತ್ತು. ಅವನಿಲ್ದೆ ಬೇಡ ಅನ್ನೋದು ಪ್ರೀತಿ, ಒಳ್ಳೇದೇ, ಆದ್ರೆ ಆ ಪ್ರೀತಿಯ ಬಿಲ್ ಅವನಿಗೆ ಕಳಿಸೋ ಹಾಗಿಲ್ಲ.

ನೀವು ಐದು ಜನ ಹೋಗಿದ್ರೆ ಲೆಕ್ಕ ಬೇರೆ ಆಗ್ತಿತ್ತು. ಗಾಡಿ ಬಾಡಿಗೆ ಐದು ಜನ ಕೂತ್ರೂ ಅಷ್ಟೇ ಆರು ಜನ ಕೂತ್ರೂ ಅಷ್ಟೇ, ಪೂರ್ತಿ ಬಾಡಿಗೆ 18,000 ಅಂತ ಇಟ್ಕೊಂಡ್ರೆ ಅವನ ಪಾಲಿನ 3,000 ಅವನು ಕೊಡ್ಲೇಬೇಕು, ಇಲ್ಲಾಂದ್ರೆ ಉಳಿದವರಿಗೆ ತಲೆಗೆ 600 ಜಾಸ್ತಿ ಬೀಳುತ್ತೆ. ಹೋಮ್‌ಸ್ಟೇ ತಲೆ ಲೆಕ್ಕದ್ದು, ಓನರ್ ಐದು ಜನಕ್ಕೆ ಮಾತ್ರ ಬಿಲ್ ಹಾಕಿ ಅವನ 2,000 ಅಡ್ವಾನ್ಸ್‌ನ ಅದರಲ್ಲೇ ಮುರ್ಕೊಂಡ್ರೆ ಅವನಿಂದ ಏನೂ ಕೇಳ್ಬಾರ್ದು. ಅಲ್ಲಿ ಹೋಗಿ ತಿಂದಿದ್ದು, ಜೀಪ್ ಹತ್ತಿದ್ದು ಯಾವುದೂ ಅವನ ಲೆಕ್ಕಕ್ಕೆ ಬರಲ್ಲ. ಒಂದೇ ಒಂದು ಕಡೆ ಅವನ ಮೇಲೆ ಜಾಸ್ತಿ ಹಾಕೋದು ಸರಿ ಅನ್ಸುತ್ತೆ, ರಜೆಗೆ ಅಪ್ಲೈ ಕೂಡ ಮಾಡದೆ "ರಜೆ ಓಕೆ ಆಗಿದೆ, ಬುಕ್ ಮಾಡು" ಅಂತ ಸುಳ್ಳು ಹೇಳಿ ನಿಮ್ಮ ಕೈಲಿ ದುಡ್ಡು ಕಟ್ಟಿಸಿದ್ರೆ.

ಇನ್ನು ಯಾರ ತಪ್ಪೂ ಇಲ್ದೆ ಕ್ಯಾನ್ಸಲ್ ಆಗೋದು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯ್ತಲ್ಲ, ಆ ದಾರೀಲಿ ಗೋಕರ್ಣಕ್ಕೆ ಹೊರಟವರು ಏನ್ ಮಾಡೋಕಾಗುತ್ತೆ, ಅಂಥ ಕಡೆ ನಷ್ಟ ಸಮ ಪಾಲು, ಚರ್ಚೆನೇ ಬೇಡ. ಆದ್ರೆ ಅಲ್ಲೊಂದು ಸೂಕ್ಷ್ಮ ಇದೆ: ಸರ್ಕಾರದ ಆದೇಶದಿಂದ ಹೋಮ್‌ಸ್ಟೇಯವರೇ ಗೆಸ್ಟ್ ಇಟ್ಕೊಳ್ಳೋ ಹಾಗಿಲ್ಲ ಅಂತಾದ್ರೆ ಅಡ್ವಾನ್ಸ್ ವಾಪಸ್ ಕೇಳೋ ಹಕ್ಕು ನಿಮಗಿದೆ, 1872ರ ಕರಾರು ಕಾಯ್ದೆಯ ಸೆಕ್ಷನ್ 65 ಅದನ್ನೇ ಹೇಳೋದು, ಒಪ್ಪಂದ ನಡೆಯೋಕೇ ಆಗ್ದೇ ಬಿದ್ದುಹೋದ್ರೆ ತಗೊಂಡಿದ್ದನ್ನ ಹಿಂದಿರುಗಿಸ್ಬೇಕು ಅಂತ. ಹಾಗೇ ಫ್ಲೈಟ್ ಬುಕ್ ಮಾಡಿದವರು ನಾನ್ ರಿಫಂಡಬಲ್ ಅಂದ ತಕ್ಷಣ ಕೈ ಬಿಡ್ಬೇಡಿ, ಟಿಕೆಟ್ಟಲ್ಲಿರೋ ತೆರಿಗೆ, ಏರ್‌ಪೋರ್ಟ್ ಯೂಸರ್ ಫೀ ಇವೆಲ್ಲ ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ವಾಪಸ್ ಬರ್ಲೇಬೇಕು. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ನೀವಾಗೇ ಕ್ಯಾನ್ಸಲ್ ಮಾಡಿದ್ರೆ ಮಾತ್ರ ಒಂದ್ರೂಪಾಯಿನೂ ಬರಲ್ಲ. ಮೊದ್ಲು ಹೊರಗಡೆಯಿಂದ ಬರೋದನ್ನ ಬರಿಸ್ಕೊಳ್ಳಿ, ಆಮೇಲೆ ಫ್ರೆಂಡ್ಸ್ ಮಧ್ಯೆ ಲೆಕ್ಕ.

ಫ್ರೆಂಡ್ಸ್ ಮಧ್ಯದ ದುಡ್ಡಿಗೆ ಕಾನೂನಿದೆಯಾ ಅಂತ ಕೇಳಿದ್ರೆ, ಇದೆ. ಅದೇ ಕಾಯ್ದೆಯ ಸೆಕ್ಷನ್ 222, ಒಬ್ಬರ ಪರವಾಗಿ, ಅವರ ಒಪ್ಪಿಗೆ ಮೇಲೆ ಕೆಲಸ ಮಾಡಿ ಕೈಯಿಂದ ಕಳ್ಕೊಂಡವನಿಗೆ ಅವರು ತುಂಬಿಕೊಡ್ಬೇಕು ಅನ್ನುತ್ತೆ, ಸಂಬಳ ಇಲ್ದೆ ಮಾಡಿದ್ರೂ ಅಷ್ಟೇ. "ನೀನೇ ಬುಕ್ ಮಾಡ್ಬಿಡೋ, ಆಮೇಲೆ ಕೊಡ್ತೀವಿ" ಅನ್ನೋ ಒಂದು ಮೆಸೇಜ್ ಇದ್ರೆ ಸಾಕು, ಆ ಚಾಟ್ ಡಿಲೀಟ್ ಮಾಡ್ಬೇಡಿ. ಕೇಳೋಕೆ ಸಾಮಾನ್ಯವಾಗಿ ಮೂರು ವರ್ಷ ಟೈಮ್ ಇರುತ್ತೆ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ರೆ ಕೇಸ್ ಹಾಕೋಕೆ ಮುಂಚೇನೇ ಲೋಕ ಅದಾಲತ್ತಲ್ಲಿ ಕೂರಿಸಿ ಮಾತಾಡಿಸ್ತಾರೆ, ಕೋರ್ಟ್ ಫೀಸ್ ಇಲ್ಲ. ಪೊಲೀಸ್ ಸ್ಟೇಷನ್ ಬೇಡ, ಇದು ಅವರ ಕೆಲಸ ಅಲ್ಲ. ಆದ್ರೂ 2,500ಕ್ಕೆ ಅಲ್ಲಿವರೆಗೂ ಹೋಗೋ ಪ್ರಸಂಗ ಬರ್ಬಾರ್ದು, ಬರದೇ ಇರೋ ಹಾಗೆ ಕೇಳೋದು ನಿಮ್ಮ ಕೈಲಿದೆ.

ಕೇಳೋಕೆ ಸಂಕೋಚ ಅಂದ್ರಲ್ಲ, ನನಗೆ ಈ ಇಡೀ ವಿಷಯದಲ್ಲಿ ಜಾಸ್ತಿ ಚಿಂತೆ ಅದೇ. 2018ರ ಆಗಸ್ಟಲ್ಲಿ ಕೊಡಗಲ್ಲಿ ಆ ಮಳೆ, ಗುಡ್ಡ ಕುಸಿತ ಆದಾಗ ನಮ್ಮದೂ ಮಡಿಕೇರಿ ಟ್ರಿಪ್ ನಿಂತೋಯ್ತು. ಅಡ್ವಾನ್ಸ್ ಕಟ್ಟಿದ್ದು ಒಬ್ಬ ಗೆಳೆಯ. ಅಲ್ಲಿ ಜನ ಮನೆ ಕಳ್ಕೊಂಡಿರುವಾಗ ನಾವು ಅಡ್ವಾನ್ಸ್ ಮಾತಾಡೋದು ಹೇಗೆ ಅಂತ ನಾವ್ಯಾರೂ ಕೇಳ್ಲಿಲ್ಲ, ದಾಕ್ಷಿಣ್ಯಕ್ಕೆ ಅವನೂ ಬಾಯಿ ಬಿಡ್ಲಿಲ್ಲ. ಮುಂಚೆ ಟೀ ಅಂಗಡೀಲಿ ಎಲ್ರದ್ದೂ ತಾನೇ ಕೊಡ್ತಿದ್ದವನು, ಆಮೇಲೆ ಒಂದಿನ ಹತ್ತು ರೂಪಾಯಿ ನೋಟೊಂದನ್ನ ಕೌಂಟರ್ ಮೇಲಿಟ್ಟು "ಇದು ನಂದು" ಅಂದ. ಆಗ ಅರ್ಥ ಆಯ್ತು. ಅದೇ ಸಂಜೆ ನನ್ನ ಪಾಲು ಕಳ್ಸಿದೆ, ತಗೊಂಡ, ಆದ್ರೆ ಅಷ್ಟು ತಿಂಗಳು ಅವನು ಒಳಗೇ ಇಟ್ಕೊಂಡು ಓಡಾಡಿದ್ದು ನೆನೆಸ್ಕೊಂಡ್ರೆ ನನಗೆ ಇವತ್ತಿಗೂ ಬೇಜಾರು.

ಅದಕ್ಕೆ ತಡ ಮಾಡ್ಬೇಡಿ. ಯಾರಿಂದ ಹಾಳಾಯ್ತು ಅನ್ನೋ ಮಾತೇ ಎತ್ತದೆ ಗ್ರೂಪಲ್ಲಿ ಎಲ್ರಿಗೂ ಒಂದೇ ಮೆಸೇಜ್ ಹಾಕಿ, ಕಟ್ಟಿದ ಎರಡೂ ಪೇಮೆಂಟಿನ ಸ್ಕ್ರೀನ್‌ಶಾಟ್, ಟಿಟಿಯವರು ವಾಪಸ್ ಹಾಕಿದ್ದರ ಸ್ಕ್ರೀನ್‌ಶಾಟ್, ಕೆಳಗೆ "ಒಟ್ಟು 15,000, ತಲೆಗೆ 2,500, ನನ್ನದು ಬಿಟ್ಟು ಐದು ಜನರದ್ದು ಬರ್ಬೇಕು, ಈ ತಿಂಗಳು ಸಂಬಳ ಆದ್ಮೇಲೆ ಹಾಕಿ" ಅಂತ. ಮುಂಚೆ ಯುಪಿಐ ಆ್ಯಪಲ್ಲೇ ಫ್ರೆಂಡ್‌ಗೆ ಮನಿ ರಿಕ್ವೆಸ್ಟ್ ಕಳಿಸ್ಬಹುದಿತ್ತು, 2025ರ ಅಕ್ಟೋಬರ್ 1ರಿಂದ ಅದು ನಿಂತಿದೆ, ಹಂಗಾಗಿ ನಿಮ್ಮ ಕ್ಯೂಆರ್ ಕೋಡೇ ಹಾಕ್ಬಿಡಿ. ರಜೆ ಸಿಗದ ಫ್ರೆಂಡ್‌ಗೆ ಮಾತ್ರ ಮೆಸೇಜಿಗೆ ಮುಂಚೆ ಒಂದು ಫೋನ್ ಮಾಡಿ, "ಪೂರ್ತಿ ನಿನ್ನ ಮೇಲೆ ಹಾಕೋಕೆ ನಾನು ಬಿಡಲ್ಲ, ನಿನ್ನ ಪಾಲಷ್ಟು ಕೊಡು ಸಾಕು" ಅನ್ನಿ. ಎಲ್ಲಾ ತನ್ನ ತಲೆಗೇ ಬರುತ್ತೆ ಅನ್ನೋ ಭಯಕ್ಕೇ ಅವನು ಏನೂ ಕೊಡಲ್ಲ ಅಂತ ಕೂತಿರೋ ಹಾಗೆ ನನಗೆ ಕಾಣುತ್ತೆ.

ಆ ಆರು ತಿಂಗಳ ಅಡ್ಜಸ್ಟ್‌ಮೆಂಟ್ ವಿಷಯ ಮರೀಬೇಡಿ. ಎಲ್ರೂ ಪಾಲು ಕೊಟ್ಮೇಲೆ ಆ 12,000 ನಿಮ್ಮೊಬ್ರದ್ದಲ್ಲ, ತಲೆಗೆ 2,000ದ ಹಾಗೆ ಆರು ಜನರದ್ದು. ಓನರ್ ಹೇಳಿದ್ದನ್ನ ಡೇಟ್ ಸಮೇತ ವಾಟ್ಸ್‌ಆ್ಯಪಲ್ಲಿ ಬರೆಸ್ಕೊಂಡು ಗ್ರೂಪಿಗೆ ಹಾಕಿ. ಮುಂದೆ ನಾಲ್ಕೇ ಜನ ಹೋಗಿ ಅದನ್ನ ಪೂರ್ತಿ ಬಳಸ್ಕೊಂಡ್ರೆ, ಹೋಗದ ಇಬ್ರಿಗೆ ತಲಾ 2,000 ಆ ನಾಲ್ಕು ಜನ ವಾಪಸ್ ಕೊಡ್ಬೇಕು, ತಲೆಗೆ ಸಾವಿರದ ಹಾಗೆ. ಈ ಮಾತನ್ನೂ ಈಗಲೇ ಅದೇ ಮೆಸೇಜಲ್ಲಿ ಬರೆದುಬಿಡಿ.